ಸಾಕ್ಷಿಗಳೊಂದಿಗೆ ಬಂದ ನಾದಿನಿ

ಹಾಸಿಗೆ ಹೊಲಿಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತಿ ತುಂಬಿ ಬಾಯಿ ಮುಚ್ಚಿದ ಮೇಲೆ ಹಾಸಿಗೆಯನ್ನು ಮರದ ಚೌಕಟ್ಟಿಗೆ ಕಟ್ಟಿ ಗೋಡೆಯ ಹಾಗೆ ನಿಲ್ಲಿಸುತ್ತೇವೆ. ಈಚೆ ಒಬ್ಬರು, ಆಚೆ ಒಬ್ಬರು ಕೂರಬೇಕು. ಈಚೆಯವರು ದಾರ ಪೋಣಿಸಿದ ದಬ್ಬಳವನ್ನು ಚುಚ್ಚಿ ಆಚೆಗೆ ದೂಡಿದರೆ, ಆಚೆಯವರು ಅದನ್ನು ಎಳೆದುಕೊಂಡು, ಬೆರಳಗಲ ಜಾಗ ಬಿಟ್ಟು, ಮತ್ತೆ ಈಚೆಗೆ ದೂಡುತ್ತಾರೆ. ಹಾಗೆ ಮಾಡಿದರೇ ಹತ್ತಿ ಜಾರದೆ ಕೂತಲ್ಲಿ ಕೂರುವುದು. ಕೆಲಸ ನಡೆಯುವಷ್ಟು ಹೊತ್ತೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ದಾರ ಬಿಗಿಯಾಗಿ ಬಂತೋ ಸಡಿಲವಾಗಿ ಬಂತೋ ಎನ್ನುವುದರಲ್ಲೇ ಆಚೆ ಕೂತವರ ಮನಸ್ಸು ತಿಳಿಯಬೇಕು.

ನನ್ನ ಆಚೆ ಕೂರುವವಳು ನನ್ನ ನಾದಿನಿ. ನಮ್ಮ ಮನೆಯವರು ತಂಗಿಯನ್ನು ಎತ್ತಿ ಆಡಿಸುವಾಗ ‘ಮರಿ’ ಎಂದು ಕರೆದದ್ದು ಹಾಗೇ ಉಳಿದು, ಐವತ್ತು ದಾಟಿ ಕೂದಲು ನರೆತ ಮೇಲೂ ಬೀದಿಗೆಲ್ಲ ಅವಳು ಮರಿಯೇ. ಅವಳು ಮದುವೆಯಾಗಲಿಲ್ಲ. ನನಗೆ ಮಕ್ಕಳಾಗಲಿಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಮ್ಮ ಹಾಸಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಅವಳು ನನ್ನನ್ನು ಅತ್ತಿಗೆ ಎನ್ನುತ್ತಾಳೆ, ನೀವು ಎನ್ನುತ್ತಾಳೆ. ನಮ್ಮಿಬ್ಬರ ನಡುವೆ ಒಂದು ದಿನವೂ ಜಗಳವಾಗಿಲ್ಲ. ಈ ಮಾತನ್ನು ನಾನು ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಆರಾಧನೆಗೆ ನಮ್ಮ ಕ್ರೈಸ್ತ ಸಭೆ ಸೇರುತ್ತದೆ. ಬೋಧಕರನ್ನು ಅಯ್ಯನವರು ಎನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು. ಹೋದ ವರ್ಷ ಅಲ್ಲಿ ಕಿಟಕಿಯ ಪರದೆಗೆ ಯಾವ ಬಣ್ಣ ಎನ್ನುವುದಕ್ಕೆ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಯಾರು ಯಾರ ಬೆನ್ನ ಹಿಂದೆ ಏನಂದರು ಎಂದು ಕೆದಕುವುದೇ ಆರಾಧನೆಯಾಗಿಬಿಟ್ಟಿತ್ತು. ಆಗ ಅಯ್ಯನವರು ನಮ್ಮ ಸತ್ಯವೇದ, ಬೈಬಲ್ಲನ್ನು ತೆಗೆದು, ಕರ್ತನು ಹೇಳಿದ ದಾರಿ ಸುಲಭವಾಗಿದೆಯಲ್ಲ ಎಂದರು. ಯಾರಾದರೂ ನಿನಗೆ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಅವನ ಹತ್ತಿರ ಹೋಗಿ ಹೇಳು. ಕಿವಿಗೊಡದಿದ್ದರೆ ಇನ್ನೊಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು. ಆಗಲೂ ಆಗದಿದ್ದರೆ ಸಭೆಯ ಮುಂದಿಡು.

‘ಇದನ್ನ ಓದಿ ಮಡಿಚಿಡೋದು ಬೇಡ. ಈ ವರ್ಷ ಮಾಡಿಯೇ ನೋಡೋಣ’ ಎಂದರು ಅಯ್ಯನವರು.

ಅದಕ್ಕೆ ಒಂದು ಕ್ರಮವನ್ನೂ ಅವರೇ ಗೊತ್ತುಮಾಡಿದರು. ಹೋದವರು ‘ಒಂದು ಮಾತಿದೆ’ ಎನ್ನಬೇಕು. ಮೊದಲು ಎದುರಿನವರು ಮಾಡಿದ ಉಪಕಾರವನ್ನು ನೆನೆಯಬೇಕು, ಆಮೇಲೆ ನೋವನ್ನು ಹೇಳಬೇಕು. ಕೇಳುವವರು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಕೂತು ಕೇಳಬೇಕು, ಅಂದು ಒಂದು ಮಾತೂ ಎದುರಾಡಬಾರದು. ಬಿಸಿಬಿಸಿಯಲ್ಲಿ ಬಂದ ಉತ್ತರ ಸೈತಾನನದು ಎಂದು ಅವರ ಅಭಿಪ್ರಾಯ. ಮಾರನೆಯ ದಿನ ಉತ್ತರ ಕೊಡಬೇಕು.

ಶುರುವಿನಲ್ಲಿ ಎಲ್ಲರಿಗೂ ಹುರುಪು. ಬಸ್ಸಿನ ಡ್ರೈವರ್ ಕಟಿಂಗ್ ಅಂಗಡಿಯವನ ಹತ್ತಿರ ಹೋಗಿ, ‘ನೀನು ಹಾಡುವಾಗ ನಮ್ಮನ್ನೆಲ್ಲ ಹಿಂದೆ ಬಿಟ್ಟು ಓಡ್ತೀಯಪ್ಪ’ ಎಂದನಂತೆ. ಕಟಿಂಗ್ ಅಂಗಡಿಯವನು ಒಂದು ದಿನ ಕಾದು, ‘ನೀನು ಬಸ್ಸನ್ನ ಹಾಗೆ ಓಡಿಸಿದ್ದಿದ್ರೆ ನಾನು ಒಂದು ದಿನವಾದ್ರೂ ಹೊತ್ತಿಗೆ ಸರಿಯಾಗಿ ಅಂಗಡಿ ತೆಗೀತಿದ್ದೆ’ ಎಂದನಂತೆ. ಇಬ್ಬರೂ ನಕ್ಕು ಚಹಾ ಕುಡಿದರು. ಆದರೆ ಎಲ್ಲರದ್ದೂ ಹಾಗೆ ನಗುವಿನಲ್ಲಿ ಮುಗಿಯಲಿಲ್ಲ. ಬರಬರುತ್ತ, ಸಭೆಯವರು ಯಾರಾದರೂ ಒಬ್ಬರೇ ಬಂದು ಬಾಗಿಲು ತಟ್ಟಿದರೆ ಎದೆ ಧಸಕ್ಕೆನ್ನುವ ಹಾಗಾಯಿತು. ಪಕ್ಕದ ಬೀದಿಯ ಟೀಚರಮ್ಮನ ಮನೆಗೆ ಒಬ್ಬಾಕೆ ಸಕ್ಕರೆ ಕೇಳಲು ಹೋದರೆ, ಟೀಚರಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೇಬಿಟ್ಟರಂತೆ. ಅವರು ಕಣ್ಣು ಬಿಡಲಿಲ್ಲ, ಈಕೆಗೆ ಸಕ್ಕರೆ ಸಿಗಲಿಲ್ಲ.

ನನ್ನ ಹತ್ತಿರ ಯಾರೂ ಬರಲಿಲ್ಲ. ಬರಲು ನಾನು ಯಾರಿಗೇನು ಮಾಡಿದ್ದೇನೆ? ನಾನು ಮಾತು ಕಡಿಮೆಯವಳು. ಗಂಡ ಬೈದಾಗಲೂ ತಿರುಗಿ ಬೈದವಳಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಊಟವಾಗಿ ನಾನು ಹತ್ತಿಯ ಮೂಟೆಗೆ ಒರಗಿ ಕೂತಿದ್ದಾಗ, ಮರಿ ಕೈ ಒರೆಸಿಕೊಂಡು ಬಂದು ಎದುರಿನ ಮಣೆಯ ಮೇಲೆ ಕೂತಳು.

‘ಅತ್ತಿಗೆ, ಒಂದು ಮಾತಿದೆ.’

ನನಗೆ ಆಶ್ಚರ್ಯವಾಯಿತು. ಆದರೂ ಕ್ರಮದಂತೆ ಕಣ್ಣು ಮುಚ್ಚಿದೆ. ಅವಳು ಮೆಲ್ಲಗೆ ಶುರುಮಾಡಿದಳು. ಅಮ್ಮ ಹೋದಾಗ ತನಗೆ ತಲೆ ಬಾಚಿದವಳು ನಾನು ಎಂದಳು. ಜ್ವರದಲ್ಲಿ ಮಲಗಿದ್ದಾಗ ಹಗಲಿಡೀ ಪಕ್ಕದಲ್ಲಿ ಕೂತಿದ್ದೆ ಎಂದಳು. ದಬ್ಬಳ ಹಿಡಿಯುವುದನ್ನು ಬೆರಳಿಗೆ ಬೆರಳು ಕೊಟ್ಟು ಕಲಿಸಿದ್ದು ನಾನು ಎಂದಳು. ದನಿ ಹಿತವಾಗಿತ್ತು. ಬೆನ್ನಿಗೆ ಹತ್ತಿ ಬೆಚ್ಚಗಿತ್ತು. ನಾನು ಕಣ್ಣು ಬಿಟ್ಟಾಗ ಅವಳು ಎದ್ದುಹೋಗಿದ್ದಳು. ಗೋಡೆಯ ಮೇಲಿದ್ದ ಬಿಸಿಲು ನೆಲಕ್ಕೆ ಇಳಿದಿತ್ತು. ಪಾಪ, ಬರಿಯ ಉಪಕಾರ ನೆನೆಯಲೆಂದೇ ಬಂದಿದ್ದಳು, ಎಂಥ ಒಳ್ಳೆಯ ಹುಡುಗಿ ಎಂದುಕೊಂಡು ಎದ್ದು ಕೆಲಸಕ್ಕೆ ಕೂತೆ.

ಮಾರನೆಯ ದಿನ ಮರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಚಹಾ ಕೊಡುವಾಗ ನೋಡಿದಳು, ದಾರಕ್ಕೆ ಮೇಣ ಹಚ್ಚುವಾಗ ನೋಡಿದಳು. ‘ಏನೇ?’ ಎಂದೆ. ‘ಏನಿಲ್ಲ, ನೀವೇ ಏನಾದ್ರೂ ಹೇಳ್ತೀರೇನೋ ಅಂತ’ ಎಂದಳು. ‘ನಾನೇನು ಹೇಳಲಿ? ಬೇಗ ಕೂತ್ಕೋ, ಈ ಹಾಸಿಗೆ ಇವತ್ತು ಹೋಗ್ಬೇಕು’ ಎಂದೆ.

ಅಂದಿನಿಂದ ದಾರ ಬಿಗಿಯಾಗಿ ಬರತೊಡಗಿತು. ಎಷ್ಟು ಬಿಗಿ ಎಂದರೆ ನನ್ನ ಬೆರಳು ಕೆಂಪಾಗುತ್ತಿತ್ತು. ಕೆಲಸ ಮಾಡುವಾಗ ಗುನುಗುತ್ತಿದ್ದವಳು ಗುನುಗುವುದನ್ನು ಬಿಟ್ಟಳು. ಊಟವಾದ ಮೇಲೆ ‘ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ’ ಎಂದು ಹೊರಡತೊಡಗಿದಳು. ಗಾಳಿಗೆ ಹೋಗುವವಳು ಭಾನುವಾರದ ಚಪ್ಪಲಿ ಯಾಕೆ ಮೆಟ್ಟುತ್ತಾಳೆ? ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ. ಅವಳು ಹೋದ ಮೇಲೆ ಬಾಗಿಲ ಹತ್ತಿರ ಹೋಗಿ, ಯಾವ ಕಡೆ ತಿರುಗಿದಳು ಎಂದಷ್ಟೇ ನೋಡಿದೆ.

ಆಮೇಲೆ ಒಂದೊಂದೇ ಹೊಳೆಯುತ್ತ ಹೋಯಿತು. ಭಾನುವಾರ ನಾನು ಮೆಟ್ಟಿಲು ಹತ್ತಿ ಬರುವುದನ್ನು ಕಂಡು ಡ್ರೈವರ್ ಮಾತು ನಿಲ್ಲಿಸಿದ. ಅವನ ಎದುರಿಗಿದ್ದವಳು ಮರಿ. ಅಮ್ಮನವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ‘ನೀವು ಚೆನ್ನಾಗಿದೀರಾ? ನಿಜವಾಗ್ಲೂ?’ ಎಂದರು. ಆ ‘ನಿಜವಾಗ್ಲೂ’ ಯಾತಕ್ಕೆ? ಕಟಿಂಗ್ ಅಂಗಡಿಯವನು ನನ್ನನ್ನು ಕಂಡು ಅಗತ್ಯಕ್ಕಿಂತ ಹೆಚ್ಚು ನಕ್ಕ. ಹಾಲಿನವಳು ಹಾಲು ಅಳೆಯುತ್ತ, ‘ನಿಮ್ಮ ಮರಿ ಆಸ್ಪತ್ರೆ ಹಿಂದಿನ ಗೇಟಿನ ಹತ್ರ ನಿಂತಿದ್ರು, ಯಾರಿಗಾದ್ರೂ ಹುಷಾರಿಲ್ವಾ?’ ಎಂದಳು. ಹುಷಾರಿಲ್ಲದವರು ಮುಂದಿನ ಗೇಟಿನಿಂದ ಹೋಗುತ್ತಾರೆ. ಹಿಂದಿನ ಗೇಟಿನಲ್ಲಿ ಇರುವುದು ಬಟ್ಟೆ ಒಗೆಯುವ ಮನೆ, ಹಾಸಿಗೆ ಹೊದಿಕೆಗಳ ಕೋಣೆ. ಅಲ್ಲಿ ಹೊಲಿಗೆ ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಇರಲು ಕೋಣೆಯನ್ನೂ ಕೊಡುತ್ತಾರೆ.

ಆಗ ಆ ಮಧ್ಯಾಹ್ನದ ಉಪಕಾರದ ಮಾತುಗಳಿಗೆ ಬೇರೆಯೇ ಅರ್ಥ ಬಂತು. ಕಾರಣವಿಲ್ಲದೆ ಯಾರಾದರೂ ಎದುರು ಕೂತು ಉಪಕಾರ ನೆನೆಯುತ್ತಾರೆಯೇ? ಬಿಟ್ಟುಹೋಗುವವರು ನೆನೆಯುತ್ತಾರೆ.

ಆ ವಾರ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ನಾನು ಅವಳ ಕೋಣೆಗೆ ಹೋದೆ. ಕಸ ಗುಡಿಸಲೆಂದೇ ಹೋದದ್ದು, ಪೊರಕೆಯೂ ಕೈಯಲ್ಲಿತ್ತು. ಮಂಚದ ಕೆಳಗೆ ಬಾಯಿಗೆ ಗಂಟು ಹಾಕಿದ ಅವಳ ಬಟ್ಟೆಯ ಚೀಲ ಇತ್ತು. ಗಂಟು ಬಿಚ್ಚಿದೆ. ಒಳಗೆ ಮಡಿಕೆ ಮುರಿಯದ ನೀಲಿ ಏಪ್ರನ್, ಎದೆಯ ಮೇಲೆ ಆಸ್ಪತ್ರೆಯ ಗುರುತು. ಮುಟ್ಟಿ ನೋಡಿದೆ, ಬಟ್ಟೆ ಗಟ್ಟಿಯಾಗಿತ್ತು. ಮತ್ತೆ ಹಾಗೇ ಮಡಿಚಿ, ಹಾಗೇ ಗಂಟು ಹಾಕಿ, ಕೋಣೆ ಗುಡಿಸಿ ಬಂದೆ.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ? ಅವಳು ಹೋದರೆ ನನ್ನ ಗತಿ ಏನು ಎನ್ನುವುದು ಒಂದು ಭಯ. ಬೇರೆ ಯಾರನ್ನಾದರೂ ಆಚೆ ಕೂರಿಸಿಕೊಂಡರೆ ಹಾಸಿಗೆಯೇನೋ ಹೊಲಿಯಬಹುದು. ಆದರೆ ಸಂಜೆ ಎದುರಿನ ತಟ್ಟೆಗೆ ಯಾರು ಕೂರುತ್ತಾರೆ? ಅದಕ್ಕಿಂತ ಹೆಚ್ಚಿಗೆ ಕುದಿಯುತ್ತಿದ್ದದ್ದು ಇನ್ನೊಂದು: ನನ್ನ ಮೇಲೆ ಏನೋ ಇಟ್ಟುಕೊಂಡು, ನನಗೊಬ್ಬಳಿಗೆ ಹೇಳದೆ, ಡ್ರೈವರ್‌ಗೆ ಅಮ್ಮನವರಿಗೆ ಎಲ್ಲ ಹೇಳುತ್ತಿದ್ದಾಳಲ್ಲ. ಕರ್ತನ ವಾಕ್ಯ ಇವಳಿಗೆ ಅನ್ವಯಿಸುವುದಿಲ್ಲವೇ?

ನಾನು ಹೆಚ್ಚು ಓದಿದವಳಲ್ಲ. ಹಾಡಿನ ಸಾಲುಗಳ ಮೇಲೆ ಬೆರಳಿಟ್ಟು ಅಕ್ಷರ ಕಲಿತವಳು. ಈಗಲೂ ಬೆರಳಿಲ್ಲದೆ ಸಾಲು ಓಡುವುದಿಲ್ಲ. ಆ ದಿನಗಳಲ್ಲಿ ಬೆಳಗಿನ ಹೊತ್ತು ವೇದ ತೆಗೆದು ಕೂತರೆ ಕಣ್ಣಿಗೆ ಬಿದ್ದದ್ದೆಲ್ಲ ಮರಿಗಾಗಿಯೇ ಬರೆದ ಹಾಗಿತ್ತು. ಬಾಯಲ್ಲಿ ಬೆಣ್ಣೆ, ಹೃದಯದಲ್ಲಿ ಯುದ್ಧ ಎಂದು ಒಂದು ಕಡೆ. ಇದು ಮರಿಯೇ. ಜೊತೆಯಲ್ಲಿ ಕೂತು ಉಂಡವನೇ ತಿರುಗಿಬಿದ್ದ ಎಂದು ಇನ್ನೊಂದು ಕಡೆ. ಇದೂ ಮರಿ. ಪ್ರೀತಿ ಯಾರ ತಪ್ಪನ್ನೂ ಮನಸ್ಸಿನಲ್ಲಿ ಕೂಡಿಡುವುದಿಲ್ಲ ಎನ್ನುವ ಜಾಗಕ್ಕೆ ಬಂದಾಗ ತಲೆಯಾಡಿಸಿ, ಅವಳು ಇದನ್ನು ಓದಬೇಕಿತ್ತು ಎಂದುಕೊಂಡೆ. ಇವತ್ತು ಹೇಳುವಾಗ ನಗು ಬರುತ್ತದೆ. ಔಷಧಿಯ ಬಾಟಲಿ ನನ್ನ ಕೈಯಲ್ಲೇ ಇತ್ತು, ನಾನು ಮಾತ್ರ ಚೀಟಿ ಓದಿ ಓದಿ ಬೇರೆಯವರಿಗೆ ಕುಡಿಸಲು ನೋಡುತ್ತಿದ್ದೆ.

ನಾನೇ ಅವಳ ಹತ್ತಿರ ಹೋಗಿ ‘ಒಂದು ಮಾತಿದೆ’ ಎನ್ನಬಹುದಿತ್ತು. ಯೋಚಿಸಿದೆ ಕೂಡ. ಆದರೆ ಹಾಗೆಂದರೆ ಏಪ್ರನ್ನಿನ ವಿಷಯ ಬರುತ್ತದೆ, ಗಂಟಿನ ವಿಷಯ ಬರುತ್ತದೆ. ಜೊತೆಗೆ, ಬರಬೇಕಾದವಳು ಅವಳು. ನಾನು ಕಾಯುತ್ತೇನೆ, ನನ್ನ ತಾಳ್ಮೆ ದೊಡ್ಡದು ಎಂದುಕೊಂಡೆ.

ಒಂದು ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಮೂರು ನೆರಳು ಬಿದ್ದವು. ಅಮ್ಮನವರು ಮುಂದೆ, ಹಿಂದೆ ಟೋಪಿ ಕೈಯಲ್ಲಿ ಹಿಡಿದ ಡ್ರೈವರ್, ಅವರಿಬ್ಬರ ಮಧ್ಯೆ ಕಣ್ಣು ಕೆಂಪಾದ ಮರಿ. ಎರಡನೆಯ ಹೆಜ್ಜೆ! ಮೊದಲನೆಯದನ್ನು ಇಡದೆ ಎರಡನೆಯದಕ್ಕೇ ಬಂದುಬಿಟ್ಟಳು ಎಂದು ನನಗೆ ಮೈಯೆಲ್ಲ ಉರಿಯಿತು.

‘ಕೂತ್ಕೊಳ್ಳಿ. ಹತ್ತಿ ಮೇಲೆ ಕೂರಬೇಡಿ, ಬಟ್ಟೆಗೆ ಅಂಟುತ್ತೆ’ ಎಂದೆ.

‘ನಿಂತ್ಕೊಂಡೇ ಇರ್ತೀನಿ ಬಿಡಿ ಅಮ್ಮ. ಬಸ್ಸಲ್ಲಿ ಕೂತೂ ಕೂತೂ ಸಾಕಾಗಿದೆ’ ಎಂದ ಡ್ರೈವರ್. ಯಾರೂ ನಗಲಿಲ್ಲ.

ಅಮ್ಮನವರು ಚಿಕ್ಕ ಪ್ರಾರ್ಥನೆ ಮಾಡಿ, ‘ನಾವು ತೀರ್ಪು ಕೊಡೋಕೆ ಬಂದಿಲ್ಲ, ಕೇಳೋಕೆ ಬಂದಿದೀವಿ. ಮರಿ ಹೇಳ್ತಾರೆ, ನೀವು ಕಣ್ಣು ಮುಚ್ಚಿ…’ ಎಂದರು.

‘ಕಣ್ಣು ಮುಚ್ಚಲ್ಲ’ ಎಂದೆ. ‘ಮುಖಕ್ಕೆ ಮುಖ ಕೊಟ್ಟು ಹೇಳಲಿ.’

ಮರಿ ಒಂದು ಹೆಜ್ಜೆ ಮುಂದೆ ಬಂದಳು. ‘ಹೋದ ಸಲ ಹೇಳಿದ್ದನ್ನೇ ಹೇಳ್ತೀನಿ, ಹೊಸದೇನಿಲ್ಲ. ನಾನು ಹಾಲು ಕಾಯಿಸಿಟ್ರೆ ನೀವು ಮುಚ್ಚಳ ತೆಗೆದು ನೋಡ್ತೀರಿ. ಬಾಗಿಲು ಹಾಕ್ಬಂದೆ ಅಂದ್ರೆ ಎದ್ದುಹೋಗಿ ಚಿಲಕ ಎಳೀತೀರಿ. ನಾನು ಹಾಕಿದ ಹೊಲಿಗೆ ಮೇಲೆಲ್ಲ ಹೆಬ್ಬೆರಳು ಒತ್ತಿ ನೋಡ್ತೀರಿ, ನಾನು ಇನ್ನೂ ಅಲ್ಲೇ ಕೂತಿರ್ತೀನಿ, ದಬ್ಬಳ ಕೂಡ ಕೆಳಗಿಟ್ಟಿರಲ್ಲ. ಸಾಮಾನು ತರೋಕೆ ಹೋಗಿ ತಡವಾದ್ರೆ ಏನೂ ಕೇಳಲ್ಲ, ಗಡಿಯಾರ ನೋಡ್ತೀರಿ. ಅತ್ತಿಗೆ, ನೀವು ಒಂದಿನ ಬೈದಿದ್ರೆ ಅತ್ತು ಮರೀತಿದ್ದೆ. ನೀವು ಬೈಯಲ್ಲ. ನೋಡ್ತೀರಿ.’

ಡ್ರೈವರ್ ತನ್ನ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

‘ಅಣ್ಣ ಹೋದ ದಿನ,’ ಎಂದಳು ಮರಿ. ‘ಅಣ್ಣನ ಉಂಗುರ ಬೆರಳಲ್ಲಿ ಇರಲಿಲ್ಲ. ಅಷ್ಟು ಜನ ಇದ್ರು. ನೀವು ನನ್ನ ಕಡೆ ನೋಡಿದ್ರಿ. ನನ್ನ ಕೈ ನೋಡಿದ್ರಿ. ಆಮೇಲೆ ನರ್ಸು ಉಂಗುರ ತಂದು ಕೊಟ್ರು, ಬೆರಳು ಊದಿತ್ತು, ತೆಗೆದಿಟ್ಟಿದ್ವಿ ಅಂದ್ರು. ನೀವು ಇಸ್ಕೊಂಡ್ರಿ. ನನಗೆ ಏನೂ ಹೇಳಲಿಲ್ಲ. ಅವತ್ತಿಂದ ಈ ಮನೇಲಿ ನಾನು ಕಳ್ಳಿ ಹಾಗೆ ಕೈ ತೋರಿಸ್ಕೊಂಡೇ ಓಡಾಡ್ತಿದೀನಿ.’

ನನ್ನ ನೆನಪು ಗಟ್ಟಿ. ಆ ದಿನ ಕಿಟಕಿಯ ಹಲಗೆಯ ಮೇಲೆ ಯಾರ ಲೋಟ ಇತ್ತು ಎನ್ನುವುದನ್ನೂ ಹೇಳಬಲ್ಲೆ. ಆದರೆ ಅವಳ ಕೈ ನೋಡಿದ್ದು ನೆನಪಿರಲಿಲ್ಲ. ನೋಡಿಲ್ಲ ಎನ್ನಲು ಬಾಯಿ ತೆರೆದೆ. ತೆರೆದಾಗ ಆ ಕೈ ಕಣ್ಣ ಮುಂದೆ ಬಂತು, ಒದ್ದೆಯಾದ ಕರವಸ್ತ್ರ ಮುದುಡಿಕೊಂಡು ಹಿಡಿದ ಕೈ. ನೋಡದಿದ್ದರೆ ಅದು ನನಗೆ ಹೇಗೆ ಗೊತ್ತು?

ಸೋಲುತ್ತಿದ್ದೇನೆ ಎನ್ನಿಸಿದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ನಾನೂ ಎಸೆದೆ.

‘ಇದೆಲ್ಲ ನೆಪ. ಹೋಗೋದು ಅಂತ ನೀನು ಮೊದಲೇ ತೀರ್ಮಾನ ಮಾಡಿದೀಯ. ನೀಲಿ ಏಪ್ರನ್ ಕೂಡ ತಂದಿಟ್ಕೊಂಡು ಆಮೇಲೆ ಸಾಕ್ಷಿ ಕರ್ಕೊಂಡು ಬಂದಿದೀಯಲ್ಲ!’

ಹೊರಗೆ ಯಾರದೋ ಕೈಗಾಡಿ ಗಡಗಡ ಎಂದು ದಾಟಿತು. ಮರಿ ಅಮ್ಮನವರ ಕಡೆ ತಿರುಗಿ, ‘ಕೇಳಿದ್ರಾ?’ ಎಂದಳು, ಅಷ್ಟೇ.

‘ಯಾವ ಏಪ್ರನ್?’ ಎಂದರು ಅಮ್ಮನವರು.

‘ನನ್ನ ಚೀಲದಲ್ಲಿದೆ. ಗಂಟು ಹಾಕಿದ್ದೆ. ಯಾರಿಗೂ ತೋರಿಸಿಲ್ಲ.’

ಡ್ರೈವರ್ ಕೆಮ್ಮಿದ. ನನ್ನ ಮುಖ ನನಗೇ ಭಾರವಾಯಿತು. ಅವಳು ಹೊರಿಸಿದ ಆರೋಪಕ್ಕೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಅಮ್ಮನವರು ನನ್ನ ಕಡೆ ತಿರುಗಿ, ‘ಮೊದಲ ಸಲ ಅವರು ಬಂದು ಹೇಳಿದಾಗ ನೀವು ಉತ್ತರ ಕೊಡಬೇಕಿತ್ತಮ್ಮ. ಮಾರನೆ ದಿನ ಇಡೀ ಕಾದ್ರಂತೆ. ಅದೇ ಅವರಿಗೆ ಹೆಚ್ಚು ನೋವಾಗಿರೋದು’ ಎಂದರು.

‘ಮೊದಲ ಸಲ? ಅವತ್ತು ಅವಳು ಬರೀ ಉಪಕಾರದ ಮಾತಾಡಿದ್ಳು. ತಲೆ ಬಾಚಿದ್ದು, ಜ್ವರ, ದಬ್ಬಳ…’

‘ಅದು ಮೊದಲನೇ ಭಾಗ!’ ಎಂದಳು ಮರಿ. ‘ಆಮೇಲೆ ಇದನ್ನೆಲ್ಲ ಹೇಳಿದ್ನಲ್ಲ. ಉಂಗುರದ್ದು ಹೇಳುವಾಗ ಎಷ್ಟು ಅತ್ತೆ! ನೀವು ಕಣ್ಣು ಮುಚ್ಕೊಂಡು ಶಾಂತವಾಗಿ ಕೂತಿದ್ರಿ. ಒಂದು ಹನಿ ಕೂಡ ಬರಲಿಲ್ಲ ನಿಮ್ಮ ಕಣ್ಣಲ್ಲಿ.’

ಗೋಡೆಯಿಂದ ನೆಲಕ್ಕೆ ಇಳಿದಿದ್ದ ಬಿಸಿಲು ನನಗೆ ಆಗ ಅರ್ಥವಾಯಿತು.

‘ಮರಿ, ನನಗೆ ನಿದ್ದೆ ಬಂದಿತ್ತು ಕಣೇ.’

ಡ್ರೈವರ್ ತಡೆಯಲಾರದೆ ಫಕ್ಕನೆ ನಕ್ಕು, ಟೋಪಿಯನ್ನು ಬಾಯಿಗೆ ಒತ್ತಿಕೊಂಡ. ಅಮ್ಮನವರು ನಗಲಿಲ್ಲ. ‘ನಿದ್ದೆ?’ ಎಂದರು. ಪೊಲೀಸರು ಕೇಳುವ ಹಾಗಿತ್ತು. ಮರಿಯ ಕಣ್ಣುಗಳು ಕಿರಿದಾದವು. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನ ರೆಪ್ಪೆ ನೋಡಿದಳು, ತುಟಿ ನೋಡಿದಳು, ಕೈ ನೋಡಿದಳು. ಇಷ್ಟು ವರ್ಷ ನಾನು ಆ ಕಡೆಯಿಂದ ಮಾತ್ರ ಬಲ್ಲ ನೋಟ ಅದು. ಅದರ ಈಚೆ ನಿಂತರೆ ಚರ್ಮ ಸುಲಿದ ಹಾಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

‘ಈಗ ಸಿಕ್ಕಿಬಿದ್ರಿ ಅಂತ ಹೇಳ್ತಿದೀರಿ’ ಎಂದಳು.

ಅಮ್ಮನವರು ಎದ್ದರು. ಉಳಿದದ್ದನ್ನು ನೀವಿಬ್ಬರೇ ಮಾತಾಡಿಕೊಳ್ಳಿ, ಬೇಕಾದರೆ ಮುಂದೆ ಸಭೆಯಲ್ಲಿ ನೋಡೋಣ ಎಂದು ಹೊರಟರು. ಡ್ರೈವರ್ ಬಾಗಿಲಲ್ಲಿ ನಿಂತು ನನ್ನ ಕಿವಿಯ ಹತ್ತಿರ, ‘ಅಮ್ಮ, ನನಗೂ ಅಯ್ಯನವರ ಪ್ರಸಂಗ ಕೇಳುವಾಗ ಹಾಗೇ ಆಗುತ್ತೆ, ಯಾರಿಗೂ ಹೇಳ್ಬೇಡಿ’ ಎಂದ. ಅವನು ನಂಬಿದ. ಅವನು ನಂಬಿ ನನಗೇನಾಗಬೇಕು?

ನಾವಿಬ್ಬರೇ ಉಳಿದೆವು. ಚೌಕಟ್ಟಿನಲ್ಲಿ ಅರ್ಧ ಹೊಲಿದ ಹಾಸಿಗೆ ನಿಂತಿತ್ತು.

‘ನಿಜವಾಗ್ಲೂ ನಿದ್ದೆ ಬಂದಿತ್ತಾ?’

‘ಹೌದು.’

‘ಅಣ್ಣನ ಮೇಲೆ ಆಣೆ ಇಡಿ.’

ಇಟ್ಟುಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಇಟ್ಟಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಆಕಾಶದ ಮೇಲಾಗಲಿ ಭೂಮಿಯ ಮೇಲಾಗಲಿ ನಿನ್ನ ತಲೆಯ ಮೇಲಾಗಲಿ ಆಣೆ ಇಡಬೇಡ, ನಿನ್ನ ಹೌದು ಹೌದಾಗಿದ್ದರೆ ಸಾಕು ಎಂದು ಕರ್ತನು ಹೇಳಿದ್ದನ್ನು ಎಷ್ಟೋ ಸಲ ಬೆರಳಿಟ್ಟು ಓದಿದ್ದೆ. ಅಂದು ಮೊದಲನೆಯ ಬಾರಿಗೆ ಒಂದು ವಾಕ್ಯ ನನ್ನ ಕಡೆಗೇ ತಿರುಗಿ ನಿಂತಿತು. ಬೇರೆಯವರ ಹೌದನ್ನು ನಾನು ಹೌದೆಂದು ಎಂದಾದರೂ ತೆಗೆದುಕೊಂಡಿದ್ದೇನೆಯೇ? ಬಾಗಿಲು ಹಾಕಿದೆ ಎಂದರೆ ಎಳೆದು ನೋಡಿದ್ದೇನೆ. ಈಗ ನನ್ನ ಬರಿಯ ಹೌದನ್ನು ಯಾರಾದರೂ ತೆಗೆದುಕೊಳ್ಳಲಿ ಎಂದು ಕೈಯೊಡ್ಡಿ ನಿಂತಿದ್ದೆ.

‘ಆಣೆ ಇಡಲ್ಲ ಮರಿ. ಹೌದು ಅಂದೆ. ಅದಕ್ಕಿಂತ ಹೆಚ್ಚಿಗೆ ನನ್ನ ಹತ್ರ ಏನೂ ಇಲ್ಲ.’

‘ಅದನ್ನ ನಾನು ನಂಬಬೇಕು?’

‘ನಂಬದೇ ಇರೋಕೆ ನಿನಗೆ ಕಾರಣ ಇದೆ. ಚೀಲ ನಾನೇ ಬಿಚ್ಚಿದ್ದು. ಉಂಗುರ ಸಿಗದಾಗ ನಿನ್ನ ಕೈ ನೋಡಿದ್ದೂ ನಿಜ. ಸಿಕ್ಕಿದ ಮೇಲೆ ನಾಚಿಕೆ ಆಯ್ತು. ನಾಚಿಕೆ ಆಗಿದ್ದಕ್ಕೆ ಸುಮ್ಮನಾದೆ. ನಿದ್ದೆ ಬಂದಿದ್ದೂ ನಿಜ. ಮೂರೂ ನಿಜ. ಎರಡನ್ನ ನಂಬಿ ಒಂದನ್ನ ಬಿಡ್ತೀಯೋ, ನಿನಗೆ ಬಿಟ್ಟಿದ್ದು.’

ಅವಳು ಬಹಳ ಹೊತ್ತು ದಬ್ಬಳದ ತುದಿಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಕೊನೆಗೆ, ‘ಗೊರಕೆ ಹೊಡೆದಿದ್ರೆ ಗೊತ್ತಾಗ್ತಿತ್ತು’ ಎಂದಳು. ನಗಲಿಲ್ಲ. ‘ಆ ಕೆಲಸಕ್ಕೆ ಬರ್ತೀನೋ ಇಲ್ವೋ ಅಂತ ಸೋಮವಾರ ಹೇಳ್ಬೇಕು. ನೋಡ್ತೀನಿ.’

ಸೋಮವಾರ ಬೆಳಿಗ್ಗೆ ಅವಳು ಭಾನುವಾರದ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು, ‘ಹೋಗ್ಬರ್ತೀನಿ’ ಎಂದಳು. ಚೀಲ ದಪ್ಪಗಿತ್ತೋ ತೆಳ್ಳಗಿತ್ತೋ ಎಂದು ನೋಡಬಾರದೆಂದು ನಾನು ಹತ್ತಿಯ ಕಡೆ ತಿರುಗಿಕೊಂಡೆ. ಅವಳ ಬಟ್ಟೆಗಳೆಲ್ಲ ಗೂಟದಲ್ಲಿ ಇದ್ದಾವೆಯೇ ಎಂದು ಕೋಣೆಗೆ ಹೋಗಿ ನೋಡಲು ಕಾಲು ತಾನಾಗಿ ಎದ್ದಿತು. ಕಾಲನ್ನು ಬೈದು ಕೂರಿಸಿದೆ. ಹತ್ತಿ ಹಿಂಜಿದೆ. ಹಿಂಜಿದ್ದನ್ನೇ ಮತ್ತೆ ಹಿಂಜಿದೆ. ಒಬ್ಬಳೇ ಕೂತು ದಬ್ಬಳವನ್ನು ಆಚೆ ದೂಡಿದರೆ ಅದು ಅರ್ಧ ಹೊರಬಂದು ಸಿಕ್ಕಿಹಾಕಿಕೊಂಡು ನಿಂತಿತು. ಎದ್ದುಹೋಗಿ ಎಳೆದುಕೊಳ್ಳುವ ಮನಸ್ಸಾಗಲಿಲ್ಲ.

ಹೊತ್ತು ಏರಿದ ಮೇಲೆ ಬಾಗಿಲ ಸದ್ದಾಯಿತು. ಮರಿ ಬಂದು ಚೀಲ ಕೆಳಗಿಟ್ಟು, ನೀರು ಕುಡಿದು, ಬಾಯಿ ಒರೆಸಿಕೊಂಡಳು.

‘ಏಪ್ರನ್ ವಾಪಸ್ ಕೊಟ್ಬಂದೆ. ಸದ್ಯಕ್ಕೆ ಬರಲ್ಲ ಅಂದೆ. ನಿಮ್ಮನ್ನ ನಂಬಿದೀನಿ ಅಂತಲ್ಲ. ನಂಬದೆ ಬಿಡೋಕೂ ಆಗ್ಲಿಲ್ಲ. ವರ್ಷದ ಕೊನೆವರೆಗೆ ನೋಡ್ತೀನಿ. ಅವರು ಕಾಯ್ತೀವಿ ಅಂದ್ರು.’

‘ಯಾರು ಹಾಗಂದಿದ್ದು?’

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮರಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಇಟ್ಟಳು. ಮುಗಿಯಿತು, ಈಗ ಚೀಲ ಎತ್ತಿಕೊಂಡು ಹೊರಡುತ್ತಾಳೆ ಎಂದುಕೊಂಡೆ.

‘ಅತ್ತಿಗೆ, ಈಗ ನಿಮಗೆ ಅನುಮಾನ ಬಂತು ಅಲ್ವಾ?’

‘ಬಂತು.’

‘ಬಂದಿದ್ದನ್ನ ಬಾಯಿ ಬಿಟ್ಟು ಕೇಳಿದ್ರಿ.’

‘ಜಾರಿಬಿಡ್ತು ಕಣೇ.’

‘ಜಾರಲಿ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಕೇಳಿದ್ರಿ. ನೋಡಿ ಸುಮ್ಮನಿರೋದಕ್ಕಿಂತ ಇದು ವಾಸಿ, ನಾನು ಉತ್ತರನಾದ್ರೂ ಕೊಡಬಹುದು.’ ಅವಳು ಸೆರಗು ಸಿಕ್ಕಿಸಿಕೊಂಡು ಹಾಸಿಗೆಯ ಆಚೆ ಬದಿಗೆ ಹೋಗಿ ಕೂತಳು. ‘ಹೊದಿಕೆ ಕೋಣೆ ಮೇಲ್ವಿಚಾರಕಿ ಹಾಗಂದ್ರು. ದಪ್ಪಗಿದಾರೆ, ಕನ್ನಡಕ ಹಾಕ್ತಾರೆ. ಇನ್ನೇನು ಬೇಕು?’

‘ಅವರು ಯಾಕೆ ನಿನಗೋಸ್ಕರ ಅಷ್ಟು ದಿನ ಕಾಯ್ತಾರೆ?’

‘ನಾನು ಒಳ್ಳೇ ಕೆಲಸಗಾತಿ ಅಂತ ಅವರಿಗೆ ಅನ್ಸಿರಬಹುದು’ ಎಂದಿತು ಆಚೆಯ ದನಿ. ‘ನಿಮಗೆ ಹಾಗನ್ಸಲ್ವಾ?’

ಅನ್ನಿಸುತ್ತದೆ ಎಂದೆ. ಒತ್ತಿ ನೋಡದೆಯೂ ಅನ್ನಿಸುತ್ತದೆಯೇ ಎಂದು ಕೇಳಿದಳು. ಕಷ್ಟ ಎಂದೆ. ಆ ದಿನ ಮಧ್ಯಾಹ್ನದವರೆಗೂ ನಾನು ಕೇಳಿದೆ. ಡ್ರೈವರ್‌ನ ಹತ್ತಿರ ಮೆಟ್ಟಿಲ ಮೇಲೆ ಏನು ಹೇಳುತ್ತಿದ್ದೆ, ಗುನುಗುವುದನ್ನು ಯಾಕೆ ಬಿಟ್ಟೆ, ಆಸ್ಪತ್ರೆಯ ಕೋಣೆಗೆ ಕಿಟಕಿ ಇದೆಯೇ ಎಂದೆಲ್ಲ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಕೆಲವಕ್ಕೆ ಬೈದಳು. ಚೆನ್ನಾಗಿಯೇ ಬೈದಳು. ಹೊರಗೆ ಹೋಗುತ್ತಿದ್ದ ಹಾಲಿನವಳು ನಿಂತು ಇಣುಕಿ, ‘ಏನು, ಜಗಳವಾ?’ ಎಂದಳು.

‘ಹೌದು’ ಎಂದೆವು ಇಬ್ಬರೂ.